ಟೀಕಿಸಿದವರೇ ಉಳಿಸಿದ ಪುಸ್ತಕ

ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎಂದೊಡನೆ ಶಾಲೆಯಲ್ಲಿ ಓದಿದ ಬಾವಿ ನೆನಪಾಗುತ್ತದೆ. ಈಜಿಪ್ಟಿನ ಸಯೀನ್‌ನಲ್ಲಿ, ಅಂದರೆ ಇಂದಿನ ಅಸ್ವಾನ್‌ನಲ್ಲಿ, ವರ್ಷದ ಅತಿ ದೀರ್ಘ ಹಗಲಿನಂದು ನಡುಮಧ್ಯಾಹ್ನದ ಬಿಸಿಲು ಬಾವಿಯ ತಳ ಮುಟ್ಟುತ್ತಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ಆ ನೆರಳಿನಿಂದ ಅವನು ಭೂಮಿಯ ಸುತ್ತಳತೆ ಕಂಡುಕೊಂಡ.

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ನೋಡಿಕೊಂಡವನು ಅವನು. ಆದರೆ ಆ ಅಳತೆಯ ಬಗ್ಗೆ ಅವನು ಬರೆದ ಪುಸ್ತಕದ ಒಂದು ಪ್ರತಿಯೂ ಉಳಿದಿಲ್ಲ. ನಾವು ಹೇಳುವ ಕಥೆ ಬಂದದ್ದು ಕೆಲವು ಶತಮಾನಗಳ ನಂತರ ಕ್ಲಿಯೊಮಿಡೀಸ್ ಬರೆದ ಖಗೋಳ ಪಾಠದಿಂದ. ಎರಡು ಊರುಗಳ ನಡುವೆ 5,000 ಸ್ಟೇಡಿಯ (ಗ್ರೀಕರ ದೂರದ ಅಳತೆ) ದೂರ, ನೆರಳಿನ ಕೋನ ವೃತ್ತದ 50ನೆಯ ಒಂದು ಭಾಗ, ಹಾಗಾಗಿ ಸುತ್ತಳತೆ 2,50,000 ಸ್ಟೇಡಿಯ. ಕ್ಲಿಯೊಮಿಡೀಸ್‌ನ ವಿವರಣೆಯಲ್ಲಿ ಬಾವಿಯೇ ಇಲ್ಲ! ಬಾವಿಯ ಮಾತು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಮತ್ತು ರೋಮನ್ ಲೇಖಕ ಪ್ಲಿನಿಯ ಬರಹಗಳಲ್ಲಿದೆ, ಅಲ್ಲಿ ಎರಟೋಸ್ತನೀಸ್‌ನ ಹೆಸರಿಲ್ಲ. ಎರಡನ್ನೂ ಹೊಲಿದು ಒಂದಾಗಿಸಿದವರು ನಾವು. ಸ್ಟ್ರಾಬೊ ಮೊದಲಾದವರು ಕೊಡುವ ಸಂಖ್ಯೆ ಇನ್ನೊಂದು: 2,52,000. ಅದು 60ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ತಿದ್ದಿದ್ದಿರಬೇಕೆಂದು ಹಲವು ವಿದ್ವಾಂಸರ ಊಹೆ.

ಎರಟೋಸ್ತನೀಸ್‌ನ ಮೂರು ಸಂಪುಟಗಳ ಭೂಗೋಳ ಗ್ರಂಥದ ಕಥೆ ನನಗೆ ಇದಕ್ಕಿಂತ ಪ್ರಿಯ. ಅದೂ ಕಳೆದುಹೋಗಿದೆ. ಅದರ ತುಣುಕುಗಳು ಹೆಚ್ಚಾಗಿ ಸಿಗುವುದು ಸುಮಾರು ಇನ್ನೂರು ವರ್ಷಗಳ ನಂತರದ ಸ್ಟ್ರಾಬೊನಲ್ಲಿ, ಅದೂ ಜಗಳದ ಸಾಲುಗಳಲ್ಲಿ. ಗ್ರೀಕ್ ಮಹಾಕವಿ ಹೋಮರ್ ರಂಜಿಸಲು ಹಾಡಿದವನೇ ಹೊರತು ಭೂಗೋಳ ಕಲಿಸಲು ಅಲ್ಲ ಎಂಬುದು ಎರಟೋಸ್ತನೀಸ್‌ನ ನಿಲುವು. ಹೋಮರನ ಕಾವ್ಯದಲ್ಲಿ ನಾಯಕ ಒಡಿಸ್ಸಿಯಸ್‌ಗೆ ಗಾಳಿ ತುಂಬಿದ ಚರ್ಮದ ಚೀಲವೊಂದು ಸಿಗುತ್ತದೆ. ಆ ಚೀಲವನ್ನು ಹೊಲಿದವನು ಸಿಕ್ಕಿದ ದಿನ ಒಡಿಸ್ಸಿಯಸ್ ಅಲೆದ ಜಾಗಗಳೂ ಸಿಗುತ್ತವೆ ಎಂದು ಅವನು ಬರೆದಿದ್ದ. ಹೋಮರನನ್ನು ಭಕ್ತಿಯಿಂದ ಓದುತ್ತಿದ್ದ ಸ್ಟ್ರಾಬೊ ಇದನ್ನು ಖಂಡಿಸಲೆಂದೇ ಎತ್ತಿಕೊಂಡ. ಒಪ್ಪಿಕೊಂಡಿದ್ದರೆ ಬಹುಶಃ ತನ್ನ ಮಾತಿನಲ್ಲಿ ಕರಗಿಸಿಬಿಡುತ್ತಿದ್ದ, ಈ ಸಾಲು ನಮ್ಮ ಕೈಸೇರುತ್ತಿರಲಿಲ್ಲ.

ಇನ್ನೂ ತೊಡಕಿನ ತುಣುಕುಗಳಿವೆ. ಖಗೋಳಜ್ಞ ಹಿಪಾರ್ಕಸ್ ಎರಟೋಸ್ತನೀಸ್‌ನ ವಿರುದ್ಧವೇ ಒಂದು ಗ್ರಂಥ ಬರೆದ, ಅದೂ ಇಲ್ಲವಾಯಿತು. ಹಿಪಾರ್ಕಸ್ ಹೀಗೆ ಟೀಕಿಸಿದ ಎಂದು ಸ್ಟ್ರಾಬೊ ಹೇಳುತ್ತಾನೆ, ಆ ಟೀಕೆಯ ಒಳಗೆ ಎರಟೋಸ್ತನೀಸ್ ಇದ್ದಾನೆ. ಪ್ರಾಚೀನ ಗ್ರೀಕ್ ಬರಹದಲ್ಲಿ ಉದ್ಧರಣ ಚಿಹ್ನೆಗಳಿಲ್ಲ. ಜರ್ಮನ್ ವಿದ್ವಾಂಸರಾದ ಬೆರ್ನ್‌ಹಾರ್ಡಿ 1822ರಲ್ಲಿ, ಹ್ಯೂಗೊ ಬೆರ್ಗರ್ 1880ರಲ್ಲಿ ಈ ತುಣುಕುಗಳನ್ನು ಆಯ್ದು ಜೋಡಿಸಿದಾಗ ಪ್ರತಿ ಸಾಲಿನಲ್ಲೂ ಇದು ಯಾರ ಮಾತು ಎಂದು ತೀರ್ಮಾನಿಸಬೇಕಿತ್ತು. ಪದಗಳಲ್ಲ, ಗಡಿಗಳೇ ಅಲ್ಲಿ ಕಷ್ಟದ ಕೆಲಸ.

ಭಾರತದ ವಿಷಯದಲ್ಲಾದರೋ ಸ್ಟ್ರಾಬೊ ಎರಟೋಸ್ತನೀಸ್‌ನನ್ನು ನಂಬುತ್ತಾನೆ. ದೊಡ್ಡ ನದಿಗಳ ಆವಿಯಿಂದಲೂ ಬೇಸಿಗೆಯ ಗಾಳಿಗಳಿಂದಲೂ ಭಾರತದಲ್ಲಿ ಮಳೆಯಾಗುತ್ತದೆ ಎಂದು ಎರಟೋಸ್ತನೀಸ್ ಹೇಳಿದ್ದಾನೆ ಎಂದು ಬರೆಯುತ್ತಾನೆ. ಅದರ ಬೆನ್ನಿಗೇ ಬರುತ್ತದೆ ಬಿತ್ತನೆಯ ವಿವರ: ಮಳೆಗಾಲದಲ್ಲಿ ಭತ್ತ, ಎಳ್ಳು, ಚಳಿಗಾಲದಲ್ಲಿ ಗೋಧಿ, ಬೇಳೆಕಾಳು. ನಮ್ಮ ರೈತರ ಮುಂಗಾರು ಹಿಂಗಾರುಗಳೇ ಇವು. ಎರಟೋಸ್ತನೀಸ್‌ನ ಮಾತು ಮಳೆಗೇ ಮುಗಿಯಿತೋ, ಬೇಳೆಕಾಳಿನವರೆಗೂ ಬಂತೋ? ಆಯ್ದು ಕೊಡುವವನು ಅಲ್ಲೆಲ್ಲೋ ಒಂದು ಗೆರೆ ಎಳೆಯಲೇಬೇಕು.