ಏಳಕ್ಕೆ ಬರ್ತೀನಿ ಅಂದವರು ಎಂಟೂವರೆಗೆ ಬಂದಾಗ

ದೊಡ್ಡ ತಂಡ ನಡೆಸುವ ಒಬ್ಬ ಮಹಿಳೆಯ ಜೊತೆ ವಿಡಿಯೊ ಕರೆಯಲ್ಲಿದ್ದೆ. ಅವರ ಹಿಂದಿನ ಬಾಗಿಲು ತೆರೆಯಿತು. ಐದು ವರ್ಷದ ಮಗ, ಕೈಯಲ್ಲಿ ತಾನೇ ಬಿಡಿಸಿದ ಚಿತ್ರ. ಅವನು ಅಮ್ಮನ ಮುಖ ನೋಡಲಿಲ್ಲ. ಹೆಡ್‌ಸೆಟ್‌ನ ಮೇಲಿದ್ದ ಪುಟ್ಟ ದೀಪ ನೋಡಿದ. ಕೆಂಪಗಿತ್ತು. ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಹೋದ. "ತುಂಬಾ ಜಾಣ, ತೊಂದರೆ ಕೊಡೋದೇ ಇಲ್ಲ" ಅಂದರು ಅವರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮ್ಯಾನೇಜರ್‌ಗಳಿಗೆ, ನಿರ್ದೇಶಕರಿಗೆ ಕೋಚಿಂಗ್ ಮಾಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಹಲವು ವರ್ಷ ನಾನೇ ತಂಡ ನಡೆಸಿದ್ದೇನೆ, ಜೊತೆಗೆ ಮಗಳನ್ನೂ ಬೆಳೆಸಿದ್ದೇನೆ. ಮಕ್ಕಳಿರುವ ನಾಯಕರು ಬಂದು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಟೈಮೇ ಸಾಲಲ್ಲ." ಮೊದಮೊದಲು ನಾನೂ ಅದನ್ನು ನಂಬಿ, ಗಂಟೆ ಉಳಿಸುವ ಉಪಾಯಗಳನ್ನು ಹೇಳಿಕೊಡುತ್ತಿದ್ದೆ. ಉಳಿದ ಗಂಟೆಯನ್ನು ಮತ್ತೆ ಕೆಲಸವೇ ನುಂಗುತ್ತಿತ್ತು. ಈಗ ನನಗನ್ನಿಸುವುದೇ ಬೇರೆ. ಇವರ ದಿನದಲ್ಲಿ ಯಾವುದು ಯಾವಾಗ ಅನ್ನುವುದಕ್ಕೆ ಭರವಸೆಯೇ ಇಲ್ಲ. ಮಗುವಿಗೂ ಗೊತ್ತಿಲ್ಲ, ತಂಡಕ್ಕೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕಾಡುವುದು ಅದು.

ಅದಕ್ಕೇ ಮೊದಲ ಭೇಟಿಗೆ ಹಿಂದಿನ ಎರಡು ವಾರದ ಕ್ಯಾಲೆಂಡರ್ ತರೋಕೆ ಹೇಳುತ್ತೇನೆ. ಒಂದೊಂದು ದಿನದ ಪಕ್ಕದಲ್ಲೂ ಎರಡು ಸಮಯ ಬರೆಯಬೇಕು. ಬೆಳಿಗ್ಗೆ ಮನೆಯಲ್ಲಿ ಹೇಳಿದ ಸಮಯ, ನಿಜವಾಗಿ ಬಂದ ಸಮಯ. ಒಬ್ಬ ನಿರ್ದೇಶಕರು ಹತ್ತು ದಿನವೂ "ಏಳಕ್ಕೆ ಬರ್ತೀನಿ" ಅಂದಿದ್ದರು. ಏಳಕ್ಕೆ ಬಂದಿದ್ದು ಒಂದು ದಿನ. ತಮಾಷೆ ಅಂದರೆ, ಎಂಟೂವರೆ ದಾಟಿದ್ದೂ ಒಂದೇ ದಿನ.

"ಹಾಗಾದ್ರೆ ಎಂಟೂವರೆ ಅಂತಲೇ ಹೇಳಬಹುದಿತ್ತಲ್ವಾ?" ಅಂತ ಕೇಳಿದೆ.

"ಹಾಗಂದ್ರೆ ಮಗಳಿಗೆ ಬೇಜಾರಾಗತ್ತೆ ಮೇಡಂ."

ಆಗುತ್ತದೆ, ನಿಜ. ಆದರೆ ಏಳು ಅಂದರೆ, ಏಳರಿಂದ ಎಂಟೂವರೆವರೆಗೆ ಅವಳ ಒಂದು ಕಿವಿ ಬಾಗಿಲ ಕಡೆಗೇ ಇರುತ್ತದೆ. ಬೆಳಿಗ್ಗೆ ತಾವು ನೋಡಬೇಕಾಗಿದ್ದ ಬೇಜಾರನ್ನು ಅವರು ಸಂಜೆಗೆ ದಾಟಿಸುತ್ತಿದ್ದರು, ತಾವಿಲ್ಲದ ಹೊತ್ತಿಗೆ. ಎರಡನೇ ಸುತ್ತಿನಲ್ಲಿ ಸಂಜೆ ಆರರ ನಂತರದ ಮೀಟಿಂಗ್‌ಗಳಿಗೆ ಗುರುತು ಹಾಕಿಸಿದೆ. ಅವನ್ನು ಕರೆದವರು ಯಾರು? ಅರ್ಧಕ್ಕಿಂತ ಜಾಸ್ತಿ ಇವರೇ ಕರೆದಿದ್ದು! ಕೆಳಗಿನ ಹಂತದ ಉದ್ಯೋಗಿಗೆ ಮೀಟಿಂಗ್ ಸಮಯ ಬದಲಿಸುವ ಅಧಿಕಾರ ಇರುವುದಿಲ್ಲ. ನಾಯಕರಿಗೆ ಇರುತ್ತದೆ, ಬಳಸಿಕೊಳ್ಳುವವರು ಕಮ್ಮಿ. ಕೊನೆಗೆ ಅವರು ವಾರಕ್ಕೆ ಎರಡು ದಿನ ಆರು ಗಂಟೆ, ಉಳಿದ ಮೂರು ದಿನ ಎಂಟೂವರೆ ಅಂತ ಮನೆಯಲ್ಲಿ ಬರೆದು ಅಂಟಿಸಿದರು. ಕೆಲಸದ ಒಟ್ಟು ಗಂಟೆ ಹೆಚ್ಚೇನೂ ಬದಲಾಗಲಿಲ್ಲ. ಮಗಳು ಫೋನ್ ಮಾಡಿ "ಎಲ್ಲಿದ್ದೀಯಪ್ಪಾ" ಅಂತ ಕೇಳುವುದು ನಿಂತಿತು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದರ ಬುಡವನ್ನೇ ಹಿಡಿದಿದ್ದಾರೆ. ಕೆಲವು ಕೆಲಸಗಳು ಹೊಟ್ಟೆಬಾಕ ಕೆಲಸಗಳು. ಹೊತ್ತುಗೊತ್ತಿಲ್ಲದೆ ಕರೆದಾಗಲೆಲ್ಲ ಸಿಗುವವರಿಗೆ ಅವು ಗಂಟೆಯ ಲೆಕ್ಕ ಮೀರಿ ಹಣ ಕೊಡುತ್ತವೆ. ಮಗು ಹುಟ್ಟಿದಾಗ ಗಂಡ ಹೆಂಡತಿ ಇಬ್ಬರೂ ಅಂಥ ಕೆಲಸದಲ್ಲಿ ಇರೋಕಾಗಲ್ಲ, ಮನೆ ಕರೆದಾಗ ಒಬ್ಬರಾದರೂ ಸಿಗಬೇಕು. ಹಿಂದೆ ಸರಿಯುವವಳು ಸಾಮಾನ್ಯವಾಗಿ ಅಮ್ಮ. ಇದಕ್ಕೆ ಹೊರತಾಗಿ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ತೋರಿಸಿದ್ದು ಅಮೆರಿಕದ ಫಾರ್ಮಸಿಸ್ಟ್‌ಗಳನ್ನು. ಮೊದಲು ಔಷಧಿ ಅಂಗಡಿ ಒಬ್ಬ ಮಾಲೀಕನದ್ದು, ಅವನಿಲ್ಲದೆ ನಡೆಯುತ್ತಿರಲಿಲ್ಲ. ಆಮೇಲೆ ದೊಡ್ಡ ಅಂಗಡಿ ಸರಣಿಗಳು ಬಂದವು, ರೋಗಿಯ ವಿವರ ಕಂಪ್ಯೂಟರ್ ಸೇರಿತು, ಔಷಧಿಗಳು ಕಾರ್ಖಾನೆಯಿಂದ ಸಿದ್ಧವಾಗಿ ಬಂದವು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಆರಾಮಾಗಿ ನಿಲ್ಲಬಹುದು ಅಂತಾಯಿತು. ಕಮ್ಮಿ ಗಂಟೆ ದುಡಿದರೆ ಗಂಟೆಯ ಸಂಬಳಕ್ಕೆ ಬೀಳುತ್ತಿದ್ದ ಕತ್ತರಿ ಹೆಚ್ಚುಕಡಿಮೆ ನಿಂತಿತು, ಗಂಡಸರ ಮತ್ತು ಹೆಂಗಸರ ಸಂಬಳದ ಅಂತರ ಬಹಳ ಕುಗ್ಗಿತು. ಯಾರೂ ಸಮತೋಲನದ ಭಾಷಣ ಮಾಡಿರಲಿಲ್ಲ. ಕೆಲಸದ ರಚನೆಯೇ ಬದಲಾಗಿತ್ತು, ಅಷ್ಟೇ.

ನಾಯಕರಿಗೆ ಈ ಮಾತು ಅಷ್ಟು ರುಚಿಸಲ್ಲ. "ನಾನಿಲ್ಲದೆ ಆಗಲ್ಲ" ಅನ್ನುವುದರಲ್ಲಿ ಒಂದು ಸುಖ ಇದೆ. ನನಗೂ ಇತ್ತು. ಆದರೆ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ 2018ರ ಜೂನ್‌ನಲ್ಲಿ ಹೆರಿಗೆಗೆ ಹೋದಾಗ ಆರು ವಾರ ರಜೆ ತೆಗೆದುಕೊಂಡರು. ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಹಂಗಾಮಿ ಪ್ರಧಾನಿಯಾದರು. ಈ ಏರ್ಪಾಡನ್ನು ಐದು ತಿಂಗಳು ಮೊದಲೇ, ಜನವರಿಯಲ್ಲಿ ದೇಶಕ್ಕೆ ಹೇಳಿಯಾಗಿತ್ತು. ಒಂದು ದೇಶ ಆರು ವಾರ ನಡೆಯಿತು. ನಮ್ಮ ಸೋಮವಾರದ ರಿವ್ಯೂ ಮೀಟಿಂಗ್ ನಡೆಯಲ್ವಾ?

ನಾನು ಮಾಡಿಸುವ ಅಭ್ಯಾಸ ಚಿಕ್ಕದು. ಎರಡು ದಿನ ರಜೆ ಹಾಕಿ, ಕೆಲಸದ ಫೋನ್ ಆಫ್ ಮಾಡಿ. ವಾಪಸ್ ಬಂದಾಗ ಏನೇನು ನಿಂತುಹೋಗಿದೆ ನೋಡಿ. ಮುಂದೆ ಬಿಟ್ಟುಕೊಡಬೇಕಾದ್ದು ಅದನ್ನೇ. "ಏನಾದ್ರೂ ಇದ್ರೆ ಕೇಳಿ" ಅನ್ನುವ ವಹಿಸುವಿಕೆ ಕೆಲಸಕ್ಕೆ ಬರಲ್ಲ, ಎಲ್ಲದಕ್ಕೂ ಕೇಳುತ್ತಾರೆ. ಎಷ್ಟು ಮೊತ್ತದವರೆಗೆ ಕೇಳದೆ ಒಪ್ಪಬಹುದು, ಯಾವ ದೂರಿಗೆ ಯಾರು ಉತ್ತರ ಕೊಡಬೇಕು, ಯಾವ ಎರಡು ಸಂದರ್ಭದಲ್ಲಿ ಮಾತ್ರ ನಿಮ್ಮನ್ನು ಎಬ್ಬಿಸಬೇಕು, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಮೊದಲ ಸಲ ಅವರು ನಿಮಗಿಂತ ಕೆಟ್ಟದಾಗಿ ನಿರ್ಧರಿಸಬಹುದು. ಸಹಿಸಿಕೊಳ್ಳಿ.

ಮನೆಗೂ ಇದೇ ಲೆಕ್ಕ. "ನೀನು ಹೇಳಿದ್ರೆ ಮಾಡ್ತೀನಿ" ಅನ್ನುವ ಗಂಡಂದಿರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ, ಒಳ್ಳೆಯವರೇ. ಆಫೀಸಿನಲ್ಲಿ ಒಬ್ಬ ಮ್ಯಾನೇಜರ್ ಹೀಗಂದರೆ ಬಡ್ತಿ ಕೊಡ್ತೀರಾ ಅಂತ ಕೇಳುತ್ತೇನೆ. ನಗುತ್ತಾರೆ. ಲಸಿಕೆ ಅಂದರೆ ತಾರೀಖು ನೆನಪಿಡುವುದು, ಸಮಯ ಗೊತ್ತುಮಾಡುವುದು, ಕರೆದುಕೊಂಡು ಹೋಗುವುದು, ರಾತ್ರಿ ಜ್ವರ ಬಂದರೆ ಎದ್ದು ಕೂರುವುದು, ಎಲ್ಲ ಸೇರಿ ಒಂದು ಕೆಲಸ. ಅದರಲ್ಲಿ ಗಾಡಿ ಓಡಿಸುವ ಭಾಗವನ್ನಷ್ಟೇ ಮಾಡಿದರೆ ಹೆಂಡತಿಯ ತಲೆಭಾರ ಇಳಿಯಲ್ಲ. ಒಬ್ಬರೇ ಮಗು ಬೆಳೆಸುತ್ತಿರುವವರಿಗೆ ಈ ಹಂಚಿಕೆಯ ಮಾತೇ ಅನ್ವಯಿಸಲ್ಲ. ಅವರಿಗೆ ಮೊದಲು ಬೇಕಿರುವುದು ತುರ್ತಿಗೆ ಬರುವ ಒಬ್ಬ ಮನುಷ್ಯ, ನನ್ನ ಸಲಹೆಗಳೆಲ್ಲ ಆಮೇಲೆ.

ಇನ್ನು ಆ ಕೆಂಪು ದೀಪ. ಮನೆಯಲ್ಲಿದ್ದೂ ಇಲ್ಲದಿರುವುದಕ್ಕೆ ಕಾರಣ ಬರೀ ಫೋನ್ ಅಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯದರ ಹತ್ತಿರವೇ ಉಳಿಯುತ್ತದೆ ಅಂತ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಬರೆದರು. ಎಲ್ಲಿಗೆ ನಿಲ್ಲಿಸಿದ್ದೇನೆ, ವಾಪಸ್ ಬಂದು ಮೊದಲು ಏನು ಮಾಡುತ್ತೇನೆ ಅಂತ ಚುಟುಕಾಗಿ ಬರೆದಿಟ್ಟರೆ ಆ ಅಂಟು ಸಡಿಲವಾಗುತ್ತದೆ ಅನ್ನುವುದೂ ಅವರ ಮುಂದಿನ ಕೆಲಸದಲ್ಲಿ ಕಂಡುಬಂತು. ಹಾಗಾಗಿ ದಿನದ ಕೊನೆಯ ಹತ್ತು ನಿಮಿಷಕ್ಕೆ ಮೀಟಿಂಗ್ ಇಡಬೇಡಿ. ಮೂರು ಸಾಲು ಬರೆಯಿರಿ, ಲ್ಯಾಪ್‌ಟಾಪ್ ಮುಚ್ಚಿ, ಆಮೇಲೆ ಏಳಿ. ಆ ಹುಡುಗನ ಅಮ್ಮ ಮಾಡಿದ ಬದಲಾವಣೆ ಇಷ್ಟೇ: ಮಾತು ಮುಗಿದ ಕೂಡಲೇ ಹೆಡ್‌ಸೆಟ್ ತೆಗೆದು ಡ್ರಾಯರ್‌ಗೆ ಹಾಕುವುದು. ಮೊದಲೆಲ್ಲ ದೀಪ ಆರಿದ ಮೇಲೂ ಅದು ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ತಪ್ಪಿತಸ್ಥ ಭಾವದ ಬಗ್ಗೆ ಜಾಸ್ತಿ ಹೇಳಲ್ಲ, ಒಂದೇ ವಿಷಯ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು ಅಮ್ಮಂದಿರು ಮತ್ತು ಹಸುಗೂಸುಗಳು ಎದುರುಬದುರು ಆಡುವುದನ್ನು ಕ್ಷಣಕ್ಷಣ ಗಮನಿಸಿದರು. ಎಲ್ಲ ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡುವುದು ಸುಮಾರು ಮೂರರಲ್ಲಿ ಒಂದು ಪಾಲು ಸಮಯ ಮಾತ್ರ. ಉಳಿದದ್ದು ತಪ್ಪುವುದು, ಮತ್ತೆ ಸರಿಹೋಗುವುದು. ಅದು ಕೂಸುಗಳ ಮಾತಾದರೂ ದೊಡ್ಡ ಮಕ್ಕಳ ವಿಷಯದಲ್ಲಿ ನಾನು ಅದನ್ನು ನೆನಪಿಟ್ಟುಕೊಂಡಿದ್ದೇನೆ. ಆಟದ ದಿನಕ್ಕೆ ಬರೋಕಾಗಲಿಲ್ವಾ? ಅದೇ ರಾತ್ರಿ ಹೇಳಿ: "ಬರ್ತೀನಿ ಅಂದಿದ್ದೆ, ಬರಲಿಲ್ಲ, ತಪ್ಪಾಯ್ತು." ಉಡುಗೊರೆ ಬೇಡ. ಕಾರಣಗಳ ಪಟ್ಟಿಯಂತೂ ಬೇಡವೇ ಬೇಡ.

ಕೆಲವು ಹುದ್ದೆಗಳು ಕೆಲವು ವರ್ಷಗಳಿಗೆ ಹೊಂದುವುದೇ ಇಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಆರ್ಡರ್ನ್ 2023ರಲ್ಲಿ, ಇನ್ನು ನನ್ನಲ್ಲಿ ಸಾಕಷ್ಟು ಶಕ್ತಿ ಉಳಿದಿಲ್ಲ ಅಂತ ಹೇಳಿ ಇಳಿದರು. ಅದನ್ನು ಹಿಡಿದುಕೊಂಡು "ನೋಡಿ, ಅಮ್ಮಂದಿರಿಗೆ ಆಗಲ್ಲ" ಅಂದವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ. ಐದು ವರ್ಷ ದೇಶ ನಡೆಸಿದವರು ಅವರು.

ಆರ್ಡರ್ನ್ ಹೆರಿಗೆಗೂ 28 ವರ್ಷ ಮೊದಲು, 1990ರ ಜನವರಿಯಲ್ಲಿ, ಪಾಕಿಸ್ತಾನದ ಬೆನಜೀರ್ ಭುಟ್ಟೊ ಪ್ರಧಾನಿಯಾಗಿದ್ದಾಗಲೇ ಹೆತ್ತರು. ಹೆರಿಗೆ ಹತ್ತಿರ ಬಂದಿದ್ದು ಸಂಪುಟದ ನಮಗೂ ಗೊತ್ತಿರಲಿಲ್ಲ ಅಂತ ಆಗಿನ ಮಂತ್ರಿಯೊಬ್ಬರು ಮುಂದೆ ಹೇಳಿದ್ದಾರೆ. ಅದನ್ನು ಓದಿದಾಗ ನನಗೆ ನನ್ನದೇ ಕ್ಯಾಲೆಂಡರ್ ನೆನಪಾಯಿತು. ತಂಡ ನಡೆಸುತ್ತಿದ್ದಾಗ ಮಗಳ ಶಾಲೆಯ ಮೀಟಿಂಗ್ ಇದ್ದರೆ "ಹೊರಗಿನ ಭೇಟಿ" ಅಂತ ಬರೆಯುತ್ತಿದ್ದೆ. ಒಂದೆರಡು ಸಲವಲ್ಲ, ನಾಲ್ಕು ವರ್ಷ. ಒಂದು ದಿನ ನನ್ನ ತಂಡದ ಹುಡುಗಿಯೊಬ್ಬಳು "ಹೊರಗಿನ ಭೇಟಿ" ಅಂತ ಹಾಕಿದ್ದಳು. ಅದೇ ಹೊತ್ತಿಗೆ ಫೋನ್ ಮಾಡಿದರೆ ಹಿಂದೆ ಮಗು ಅಳುವ ಸದ್ದು. "ಸುಳ್ಳು ಯಾಕೆ ಬರೆದೆ?" ಅಂತ ಕೇಳಿಬಿಟ್ಟೆ. ಅವಳು ತಡವರಿಸಿ ಕ್ಷಮೆ ಕೇಳಿದಳು. ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ಆ ಎರಡು ಪದ ಅವಳು ಕಲಿತಿದ್ದು ನನ್ನ ಕ್ಯಾಲೆಂಡರ್ ನೋಡಿಯೇ.

ಮರುವಾರ ಎಲ್ಲರಿಗೂ ಕಾಣುವ ಹಾಗೆ "ಗುರುವಾರ 4 ಗಂಟೆ, ಮಗಳ ಶಾಲೆ" ಅಂತ ಬರೆದೆ. ಬೆರಳು ಸ್ವಲ್ಪ ಅಳುಕಿತು, ಸುಳ್ಳು ಹೇಳಲ್ಲ. ಯಾರೂ ಏನೂ ಅನ್ನಲಿಲ್ಲ. ತಿಂಗಳೊಳಗೆ ತಂಡದ ಹಿರಿಯರೊಬ್ಬರು "ಅಪ್ಪನ ಕಣ್ಣಿನ ಪರೀಕ್ಷೆ" ಅಂತ ಹಾಕಿದ್ದರು. ಅವರ ಜೊತೆ ಆರು ವರ್ಷ ಕೆಲಸ ಮಾಡಿದ್ದೆ. ಅವರ ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ ಅನ್ನುವುದು ಅವತ್ತೇ ನನಗೆ ಗೊತ್ತಾಗಿದ್ದು.