ಫಿಸಿಯೊ ಕೋಣೆಗೆ ಎಂಜಿನಿಯರ್ ಬಂದ ದಾರಿ

ಬೆಳಗಾವಿ ಕಡೆ ಲಕ್ವಾ ಹೊಡೆದವರ ಮನೆಮಂದಿ ಫಿಸಿಯೊಥೆರಪಿಗೆ ಇಟ್ಟ ಹೆಸರು ‘ಕರೆಂಟ್ ಹಚ್ಚೋದು’. ‘ಎಷ್ಟ್ ದಿನಾ ಕರೆಂಟ್ ಹಚ್ಚಬೇಕ್ರಿ ಸರ?’ ಎಂಬ ಪ್ರಶ್ನೆ ಕಿವಿಗೆ ಬೀಳದ ಫಿಸಿಯೊ ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಕೇಳಿ ನಗಬೇಕಾಗಿಲ್ಲ. ನರತಂತ್ರಜ್ಞಾನ (ನರ, ಮಿದುಳಿಗೆ ಯಂತ್ರ ಜೋಡಿಸುವ ವಿದ್ಯೆ) ಎಂದು ವಿಶ್ವವಿದ್ಯಾಲಯಗಳು ಇಂದು ಕಲಿಸುವ ವಿಷಯದ ಒಂದು ಬೇರು ಈ ಕರೆಂಟ್ ಹಚ್ಚುವುದರಲ್ಲೇ ಇದೆ. ಯಾವ ಗಳಿಗೆಗೆ ಹಚ್ಚಬೇಕು ಎಂಬ ಲೆಕ್ಕ ಆಮೇಲೆ ಬಂತು.

ಆ ಲೆಕ್ಕ ಹಾಕಿದವರು ಅಮೆರಿಕದಲ್ಲಿದ್ದ ವೈದ್ಯ ವ್ಲಾಡಿಮಿರ್ ಲಿಬರ್ಸನ್, 1961ರಲ್ಲಿ. ಲಕ್ವಾ ಆದವರು ನಡೆಯುವಾಗ ಪಾದದ ಮುಂಭಾಗ ಜೋತು ಬಿದ್ದು ನೆಲಕ್ಕೆ ತಾಕುತ್ತದೆ. ಲಿಬರ್ಸನ್ ಬೂಟಿನ ಹಿಮ್ಮಡಿಯಲ್ಲಿ ಒಂದು ಸ್ವಿಚ್ ಇಟ್ಟರು. ಹಿಮ್ಮಡಿ ಎತ್ತಿದರೆ ಮೊಣಕಾಲ ಕೆಳಗಿನ ನರಕ್ಕೆ ಕರೆಂಟ್, ಊರಿದರೆ ಬಂದ್. ಇಂದಿನ ಯಂತ್ರಗಳಲ್ಲೂ ತತ್ವ ಇದೇ: ಸೆಕೆಂಡಿಗೆ ಕರೆಂಟಿನ ಸುಮಾರು 40 ಮಿಡಿತ, ಒಂದೊಂದೂ 300 ಮೈಕ್ರೊಸೆಕೆಂಡ್ ಆಸುಪಾಸು. ಮೊಣಕಾಲ ಹೊರಬದಿಯ ಎಲುಬಿನ ಗಂಟು ಹುಡುಕಿ ಅದರ ಹಿಂದೆ, ತುಸು ಕೆಳಗೆ ಒಂದು ಪ್ಯಾಡ್. ಇನ್ನೊಂದು ಕಣಕಾಲ ಮುಂಭಾಗದ ಸ್ನಾಯುವಿನ ಮೇಲೆ. ಮೇಲಿನ ಪ್ಯಾಡ್ ಅರ್ಧ ಬೆರಳು ಹಿಂದೆ ಸರಿದರೆ ಪಾದ ಹೊರಕ್ಕೆ ತಿರುಗುತ್ತದೆ, ಮುಂದೆ ಸರಿದರೆ ಒಳಕ್ಕೆ. ಒಳಕ್ಕೆ ತಿರುಗಿದ ಪಾದದ ಮೇಲೆ ಭಾರ ಬಿದ್ದರೆ ಹರಡು ಉಳುಕುವ ಅಪಾಯ ಹೆಚ್ಚು. ಇನ್ನೊಂದು ಮಾತು, ಈ ಯಂತ್ರಕ್ಕೆ ನರ ಜೀವಂತ ಇರಬೇಕು. ಲಕ್ವಾದಲ್ಲಿ ನರ ಸರಿ ಇರುತ್ತದೆ, ಮಿದುಳಿನ ಅಪ್ಪಣೆ ಮಾತ್ರ ಬರುತ್ತಿರುವುದಿಲ್ಲ. ಕುಷ್ಠದಿಂದಲೋ ಮೊಣಕಾಲ ಗಾಯದಿಂದಲೋ ಆ ನರವೇ ಸತ್ತಿದ್ದರೆ ಎಷ್ಟು ಕರೆಂಟ್ ಕೊಟ್ಟರೂ ಚರ್ಮ ಚುರುಗುಟ್ಟುತ್ತದೆ ಅಷ್ಟೆ, ಪಾದ ಏಳುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕು. ಹಿಮ್ಮಡಿಯ ಸ್ವಿಚ್ಚಿಗೆ ಬೂಟು ಬೇಕು. ಮನೆಯಲ್ಲಿ ಬರಿಗಾಲು, ಹೊಲಕ್ಕೆ ಚಪ್ಪಲಿ. ಸ್ವಿಚ್ ಎಲ್ಲಿ ಕೂರಿಸುವುದು? ಕಾಲಿನ ಓರೆ ಅಳೆಯುವ ಸೆನ್ಸರನ್ನು ಮೊಣಕಾಲ ಕೆಳಗೇ ಕಟ್ಟುವ ಯಂತ್ರಗಳು ಬಂದ ಮೇಲೆ ಬೂಟಿನ ಹಂಗು ತಪ್ಪಿತು.

ಲಿಬರ್ಸನ್ ಬಳಿಕ ಈ ಕೆಲಸ ವಿಶ್ವವಿದ್ಯಾಲಯಗಳ ಪಾಲಾಯಿತು. ಆಗಿನ ಯುಗೊಸ್ಲಾವಿಯದ ಲ್ಯೂಬ್ಲಿಯಾನಾದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಲೊಯ್ಜೆ ವೊಡೊವ್ನಿಕ್ ಅಲ್ಲಿನ ಪುನರ್ವಸತಿ ಸಂಸ್ಥೆಯ ವೈದ್ಯರ ಜೊತೆ ಕೂಡಿ ಒಂದು ಪರಂಪರೆಯನ್ನೇ ಕಟ್ಟಿದರು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಂಜಿನಿಯರ್ ಹಂಟರ್ ಪೆಕ್ಹ್ಯಾಮ್ ಮತ್ತು ಕೈ ಶಸ್ತ್ರಚಿಕಿತ್ಸಕ ಮೈಕೆಲ್ ಕೀತ್ ಜೋಡಿ, ಬೆನ್ನುಹುರಿ ಪೆಟ್ಟಾದವರ ಕೈಯೊಳಗೆ 8 ಎಲೆಕ್ಟ್ರೋಡ್ (ಸ್ನಾಯುವಿಗೆ ಕರೆಂಟ್ ಮುಟ್ಟಿಸುವ ತುದಿ) ಕೂರಿಸಿ, ಭುಜ ಅಲುಗಿಸಿದರೆ ಮುಷ್ಟಿ ಬಿಗಿಯುವಂತೆ ಮಾಡಿತು. 1997ರಲ್ಲಿ ಅದಕ್ಕೆ ಸರ್ಕಾರಿ ಮಂಜೂರಿಯೂ ಸಿಕ್ಕಿತು. ಸುಮಾರು 250 ಮಂದಿಗೆ ಕೂರಿಸಿದ ಮೇಲೆ, 2001ರಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಯಂತ್ರ ಮೈಯೊಳಗೆ ಇದೆ, ಬಿಡಿಭಾಗ ಮಾರುವವರಿಲ್ಲ. ನರತಂತ್ರಜ್ಞಾನ ತರಬೇತಿಯ ಪಠ್ಯದಲ್ಲಿ ಮೊದಲು ಹೇಳಬೇಕಾದ ಪಾಠ ಇದು ಎಂಬುದು ನಮ್ಮ ಅಭಿಪ್ರಾಯ.

ವೈದ್ಯರು, ಎಂಜಿನಿಯರುಗಳ ಜೊತೆಗೆ ಮೂರನೆಯವರು ಮನಃಶಾಸ್ತ್ರದವರು. ಎಡ್ವರ್ಡ್ ಟಾಬ್ ಮಂಗಗಳಲ್ಲಿ ಕಂಡದ್ದು: ಸೋತ ಕೈಯನ್ನು ಬಳಸದೇ ಇರುವುದನ್ನೂ ಪ್ರಾಣಿ ಕಲಿತುಬಿಡುತ್ತದೆ. ಅದಕ್ಕೆ ಮದ್ದು, ಗಟ್ಟಿ ಇರುವ ಕೈಗೆ ಎರಡು ವಾರ ಚೀಲ ತೊಡಿಸಿ, ಎಚ್ಚರ ಇರುವ ಸಮಯದ ಶೇ 90 ಭಾಗ ಸೋತ ಕೈಯಿಂದಲೇ ಕೆಲಸ ಮಾಡಿಸುವುದು. 222 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು, ಕೈ ಸುಧಾರಿಸಿತ್ತು. ಇಲ್ಲಿ ಎಡಗೈ ಸೋತವರಿಗೆ ಬಲಗೈಗೆ ಚೀಲ ತೊಡಿಸಿ ‘ಎಡಗೈಲೆ ಉಣ್ರಿ ಯಜಮಾನ್ರ’ ಅಂದು ನೋಡಿ! ಊಟ, ಪೂಜೆಯ ಹೊತ್ತಿಗೆ ಚೀಲ ಬಿಚ್ಚುವುದನ್ನು ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಎರಡನೇ ದಿನಕ್ಕೆ ಚೀಲ ಮಂಚದ ಕೆಳಗೆ.

ಸೋತ ಕೈಗೆ ವ್ಯಾಯಾಮ ಮಾಡಿಸುವ ರೋಬಾಟ್ ಬಂದದ್ದು 1990ರ ದಶಕದಲ್ಲಿ, ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ನೆವಿಲ್ ಹೋಗನ್, ಹರ್ಮಾನೊ ಕ್ರೆಬ್ಸ್ ಕೈಯಿಂದ. 2010ರಲ್ಲಿ 127 ಮಂದಿಯ ಮೇಲೆ, 12 ವಾರಗಳಲ್ಲಿ 36 ಸರದಿ ಚಿಕಿತ್ಸೆ ನಡೆಸಿ ನೋಡಿದರು. ಅಷ್ಟೇ ತೀವ್ರವಾಗಿ ಫಿಸಿಯೊ ತಮ್ಮ ಕೈಯಿಂದ ಮಾಡಿಸಿದ ವ್ಯಾಯಾಮಕ್ಕಿಂತ ರೋಬಾಟ್ ಮೇಲಾಗಿ ಕಾಣಲಿಲ್ಲ. ರೋಬಾಟಿನ ಗಂಟೆಗೆ ಸಾವಿರ ಸಲ ಕೈ ಚಾಚಿಸುವ ತಾಕತ್ತು ದೊಡ್ಡದು. ಆದರೆ ಅಮೆರಿಕ, ಕೆನಡಾದ ಮಾಮೂಲಿ ಚಿಕಿತ್ಸಾ ಕೋಣೆಗಳಲ್ಲಿ ಎಣಿಸಿದಾಗ ಒಂದು ಸರದಿಗೆ ಸಿಕ್ಕ ಉಪಯುಕ್ತ ಕೈಚಲನೆ ಸರಾಸರಿ 32. ಸಂಖ್ಯಾಶಾಸ್ತ್ರಜ್ಞರು ತಂಡದಲ್ಲಿ ಬೇಕಾಗುವುದು ಇಲ್ಲಿ. ಯಂತ್ರದ ಗುಂಪಿಗೆ ಸಾವಿರ, ಎದುರು ಗುಂಪಿಗೆ 32 ಕೊಟ್ಟು ‘ಯಂತ್ರ ಗೆದ್ದಿತು’ ಎಂದು ಬರೆಯದಂತೆ ತಡೆಯುವವರು ಅವರೇ.

ಈಗ ನಮ್ಮ ಊರಿಗೆ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು 1963ರದ್ದು, ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜೂ ಅದೇ ವರ್ಷದ್ದು. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಬೆಳಗಾವಿಯಲ್ಲೇ ಇದೆ. ವಿಜಯಪುರದಲ್ಲಿ ಬಿಎಲ್‌ಡಿಇ ವಿಶ್ವವಿದ್ಯಾಲಯವಿದೆ. ಫಿಸಿಯೊ ಕಲಿಯುವವರೂ ಸರ್ಕಿಟ್ ಕಲಿಯುವವರೂ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. ಒಂದೇ ಮೇಜಿಗೆ ಕೂರುವುದು ಕಡಿಮೆ.

ಕೂರದಿದ್ದರೆ ಏನಾಗುತ್ತದೆ ನೋಡಿ. ಕೊನೇ ವರ್ಷದ ಪ್ರಾಜೆಕ್ಟಿಗೆ ‘ಲಕ್ವಾ ಗ್ಲೌಸ್’ ಎಂಜಿನಿಯರಿಂಗ್ ಹುಡುಗರ ಮೆಚ್ಚಿನ ವಿಷಯ: ಐದು ಬೆರಳಿಗೆ ಐದು ಬಾಗು-ಸೆನ್ಸರ್, ಒಂದು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ತಮ್ಮ ಕೈಗೆ ಹಾಕಿ ನೋಡುತ್ತಾರೆ, ಚಂದ ನಡೆಯುತ್ತದೆ. ಆದರೆ ಲಕ್ವಾದ ಕೈ ಮುಷ್ಟಿ ಬಿಗಿದಿರುತ್ತದೆ, ಹೆಬ್ಬೆರಳು ಒಳಗೆ ಸಿಕ್ಕಿರುತ್ತದೆ. ಗ್ಲೌಸ್ ಒಳಗೇ ಹೋಗುವುದಿಲ್ಲ. ಜಗ್ಗಿದಷ್ಟೂ ಮುಷ್ಟಿ ಇನ್ನೂ ಬಿಗಿಯುತ್ತದೆ, ಸೆನ್ಸರಿನ ಬುಡದ ಬೆಸುಗೆ ಕಿತ್ತು ಬರುತ್ತದೆ. ಫಿಸಿಯೊ ಪಕ್ಕದಲ್ಲಿದ್ದರೆ ಮೊದಲು ಮಣಿಕಟ್ಟನ್ನು ಕೆಳಗೆ ಬಾಗಿಸುತ್ತಾರೆ, ಬೆರಳಿನ ಸ್ನಾಯು ಸಡಿಲಾಗುತ್ತದೆ. ಹೆಬ್ಬೆರಳನ್ನು ಬುಡದಿಂದ ಹಿಡಿದು ಹೊರಗೆ ತಂದು ನಿಧಾನ ಬಿಡಿಸುತ್ತಾರೆ. ಅದನ್ನೊಮ್ಮೆ ಕಂಡ ಎಂಜಿನಿಯರ್ ಗ್ಲೌಸ್ ಬಿಟ್ಟು, ಅಂಗೈ ತೆರೆದು ಬೆನ್ನಿಗೆ ವೆಲ್ಕ್ರೊ ಕಟ್ಟುವ ಪಟ್ಟಿ ಹೊಲಿಸುತ್ತಾನೆ.

ಮಿದುಳಿನ ಸಂಕೇತ ಹಿಡಿಯುವ ಇಇಜಿಯ ಕಥೆಯೂ ಹಾಗೇ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆ ಮೊದಲು ಬರೆದದ್ದು 1924ರಲ್ಲಿ. ಅದರಿಂದ ಕಂಪ್ಯೂಟರ್ ನಡೆಸಬಹುದೇ ಎಂದು ಕಂಪ್ಯೂಟರ್ ವಿಜ್ಞಾನಿ ಜಾಕ್ ವಿಡಾಲ್ ಕೇಳಿದ್ದು 1973ರಲ್ಲಿ. ಸಂಕೇತ ಕೆಲವು ಹತ್ತು ಮೈಕ್ರೊವೋಲ್ಟ್ ಮಾತ್ರ. ಎಲೆಕ್ಟ್ರೋಡಿನ ಅಡಿ ಕರೆಂಟಿಗೆ ಇರುವ ತಡೆ 5 ಕಿಲೊಓಮ್ ಒಳಗಿದ್ದರೆ ಒಳ್ಳೆಯದು. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲಿ ಅದು ಎಷ್ಟೋ ಪಟ್ಟು ಏರಿ, ಪರದೆ ತುಂಬಾ ಗೋಡೆ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುತ್ತದೆ. ತಲೆ ತೊಳೆದು ಒಣಗಿಸಿ ಬರಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು.

ಆ ಫೋನ್ ಮಾಡುವ, ಪ್ರಯೋಗದ ಓಡಾಟ ನೋಡಿಕೊಳ್ಳುವವರ ಹೆಸರು ಸಂಶೋಧನಾ ಪ್ರಬಂಧದಲ್ಲಿ ಬರುವುದು ಅಪರೂಪ. ಸಮ್ಮತಿ ಪತ್ರವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಓದಿ ಹೇಳಿ, ಹೆಬ್ಬೆಟ್ಟು ಒತ್ತುವವರಿದ್ದರೆ ತಂಡದ ಹೊರಗಿನ ಸಾಕ್ಷಿ ಕೂರಿಸುವವರೂ ಅವರೇ. ಗೋಕಾಕದಿಂದ ವಾರಕ್ಕೆ ಮೂರು ಸಲದಂತೆ 36 ಸಲ ಬರಬೇಕಾದವರಿಗೆ ಬಸ್ ಖರ್ಚು, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಲೆಕ್ಕ ಹಾಕುವವರೂ ಅವರೇ. ಕಬ್ಬಿನ ಹಂಗಾಮು ಶುರುವಾದರೆ ಆ ಮಗ ಬರುವುದಿಲ್ಲ. ಆದ್ದರಿಂದ 12 ವಾರದ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುವ ತಿಂಗಳನ್ನು ಕಾರ್ಖಾನೆ ಹೊಗೆ ನೋಡಿಯೇ ಗೊತ್ತು ಮಾಡುವುದು ಲೇಸು.