ಇಲಿ ಬದುಕಿದ ಸುದ್ದಿ

ಫೆಬ್ರವರಿ ತಿಂಗಳು. ಕೊಪ್ಪದ ಕಡೆಯ ಅಡಿಕೆ ತೋಟದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಅವರ ಮಗ ಜೀಪಿನಲ್ಲಿ ಕರೆತಂದಿದ್ದ. ಜ್ವರ ಶುರುವಾಗಿ ಐದು ದಿನ ಆಗಿತ್ತು. ಕಣ್ಣು ಕೆಂಪಗೆ ಕೆಂಡದ ಹಾಗೆ, ಸೊಂಟ ಮತ್ತು ಮೀನಖಂಡ ಮುಟ್ಟಗೊಡುತ್ತಿರಲಿಲ್ಲ, ವಸಡಿನಲ್ಲಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿದ್ದರಂತೆ. ಪ್ಲೇಟ್‌ಲೆಟ್ ಇಳಿದಿತ್ತು, ಬಿಳಿ ರಕ್ತಕಣವೂ ಇಳಿದಿತ್ತು. ಕಳಿಸಿದ ರಕ್ತದ ಮಾದರಿ ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು ಕಚ್ಚಿ ಬರುವ ವೈರಸ್ ಜ್ವರ, ಎಂದೇ ಬಂತು. ಮಗ ಔಷಧವೊಂದರ ಸುದ್ದಿ ತೆರೆದು ಮೊಬೈಲ್ ನನ್ನ ಮುಂದೆ ಹಿಡಿದ. 'ಇಲಿಗೆ ಕೊಟ್ರೆ ಬದುಕ್ಕೊಂಡಿದೆ ಅಂತ ಬಂದಿದೆ ನೋಡಿ ಡಾಕ್ಟ್ರೇ. ಅಪ್ಪಯ್ಯಂಗೂ ಇದೇ ಮಾತ್ರೆ ಬರ್ಕೊಡಿ.'

ಆ ಸುದ್ದಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಇಲಿ ಎಂಥದ್ದು, ಅದಕ್ಕೆ ಬಂದದ್ದು ನಮ್ಮ ರೋಗಿಗೆ ಬಂದ ಕಾಯಿಲೆಯೇನಾ, ಔಷಧ ಕೊಟ್ಟದ್ದು ಯಾವಾಗ ಎಂಬ ಮೂರು ಪ್ರಶ್ನೆ ಕೇಳದೆ ಅದನ್ನು ಮಂಚದ ಪಕ್ಕಕ್ಕೆ ತರಲಾಗದು. ವಾರ್ಡಿನ ಹೊರಗೆ ನಿಂತು ಅವನಿಗೆ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಊರಿಗೆ ಬರುವ ಮುಂಚೆ ಎರಡು ವರ್ಷ ನಾನು ವೈರಸ್ ಪ್ರಯೋಗಾಲಯವೊಂದರಲ್ಲಿ ಮೆದುಳು ಜ್ವರದ ಇಲಿಗಳನ್ನು ನೋಡಿಕೊಳ್ಳುತ್ತಿದ್ದೆ. ಇಪ್ಪತ್ತು ಗ್ರಾಂ ತೂಗುವ ಬಿಳಿ ಸುಂಡಿಲಿಗಳು. ದಿನಾ ಬೆಳಿಗ್ಗೆ ಒಂದೊಂದನ್ನೇ ತಕ್ಕಡಿಗೆ ಇಟ್ಟು ತೂಕ ಬರೆದುಕೊಳ್ಳಬೇಕು. ಕಾಯಿಲೆ ಮೊದಲು ಕಾಣುವುದು ಕೂದಲಲ್ಲಿ. ನಯವಾಗಿದ್ದ ಮೈಗೂದಲು ನಿಮಿರುತ್ತದೆ, ಬೆನ್ನು ಗೂನಾಗುತ್ತದೆ, ಕಣ್ಣು ಅರೆಮುಚ್ಚುತ್ತದೆ. ಬಾಲ ಹಿಡಿದು ಎತ್ತಿದರೆ ಆರೋಗ್ಯವಾಗಿರುವ ಇಲಿ ಹಿಂಗಾಲುಗಳನ್ನು ಅಗಲಕ್ಕೆ ಚಾಚುತ್ತದೆ; ಮೆದುಳಿಗೆ ಪೆಟ್ಟು ಬಿದ್ದದ್ದು ಎರಡೂ ಕಾಲನ್ನು ಹೊಟ್ಟೆಗೆ ಅವಚಿಕೊಳ್ಳುತ್ತದೆ. ತೂಕ ಹದಿನಾರು ಗ್ರಾಂಗೆ ಇಳಿಯಿತೆಂದರೆ ಇನ್ನು ನರಳಿಸಬಾರದು, ನೋವಿಲ್ಲದ ಹಾಗೆ ಮುಗಿಸಬೇಕು. ಅದು ನಮ್ಮಲ್ಲಿದ್ದ ನಿಯಮ. ಆ ಕೆಲಸ ನನಗೆ ಕೊನೆಯ ದಿನದವರೆಗೂ ರೂಢಿಯಾಗಲಿಲ್ಲ. ಆ ಜೀವಗಳ ಋಣ ನಮ್ಮ ಮೇಲಿದೆ ಎಂದೇ ನಂಬಿದ್ದೇನೆ.

ಮಂಗನ ಕಾಯಿಲೆಯ ವೈರಸ್ ಸಿಕ್ಕಿದ್ದೇ ಇಲಿಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲಿಗೆ ಇತ್ತು. ಆಗ ಇಂದಿನಂಥ ಪಿಸಿಆರ್ ಎಲ್ಲಿತ್ತು? ಮಾದರಿಯನ್ನು ಹಾಲು ಕುಡಿಯುವ ಇಲಿಮರಿಗಳ ಮೆದುಳಿಗೆ ಚುಚ್ಚಿ ಕಾಯಬೇಕಿತ್ತು. ಮರಿಗಳು ಕಾಯಿಲೆ ಬಿದ್ದವು, ಅವುಗಳಿಂದ ವೈರಸ್ ಕೈಗೆ ಬಂತು. ರೋಗಕ್ಕೆ ಕಾಡಿನ ಹೆಸರೇ ಉಳಿಯಿತು.

ಇದೇ ವೈರಸ್ ಬೆಳೆದ ಬಿಳಿ ಇಲಿಯ ಮೈಯಲ್ಲಿ ಮಾಡುವುದು ಮುಖ್ಯವಾಗಿ ಮೆದುಳಿನ ಕಾಯಿಲೆ. ವಾರ ಹತ್ತು ದಿನದಲ್ಲಿ ಅದು ಸಾಯುತ್ತದೆ, ಆದರೆ ನಮ್ಮ ರೋಗಿಗಳಲ್ಲಿ ಕಾಣುವ ರಕ್ತಸ್ರಾವ ಅದರಲ್ಲಿ ಅಷ್ಟಾಗಿ ಕಾಣದು. ಮನುಷ್ಯರಲ್ಲಿ ಮೊದಲ ವಾರ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಕುಸಿತ, ಕೆಲವರಿಗೆ ರಕ್ತಸ್ರಾವ. ಬಹುಪಾಲು ಜನ ಅಲ್ಲಿಗೇ ಚೇತರಿಸಿಕೊಳ್ಳುತ್ತಾರೆ. ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಒಂದೆರಡು ವಾರ ಬಿಟ್ಟು ಎರಡನೇ ಸಲ ಜ್ವರ ಬರುತ್ತದೆ: ತಲೆನೋವು, ಕೈ ನಡುಕ, ಮಾತು ತಪ್ಪುವುದು. ಇಲಿ ನಮಗೆ ತೋರಿಸುವುದು ಈ ಎರಡನೇ ಜ್ವರಕ್ಕೆ ಹತ್ತಿರದ ಸಂಗತಿಯನ್ನು. ಮೊದಲ ವಾರ ರಕ್ತನಾಳದಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ ಅದರಲ್ಲಿ ಹೆಚ್ಚು ಉತ್ತರವಿಲ್ಲ.

ಹಳದಿ ಜ್ವರದಲ್ಲೂ ಹೀಗೇ ಆಗಿತ್ತು. ವಿಜ್ಞಾನಿ ಮ್ಯಾಕ್ಸ್ ಥೈಲರ್ 1930ರಲ್ಲಿ ಆ ವೈರಸ್ಸನ್ನು ಇಲಿಯ ಮೆದುಳಿಗೆ ಹಾಕಿದಾಗ ಇಲಿ ಸತ್ತದ್ದು ಮೆದುಳಿನ ಉರಿಯೂತದಿಂದ, ಮನುಷ್ಯರ ಹಾಗೆ ಯಕೃತ್ತು ಕೆಟ್ಟು ಅಲ್ಲ. ಆದರೂ ಯಾರ ರಕ್ತದಲ್ಲಿ ರಕ್ಷಣೆ ಇದೆ ಎಂದು ತಿಳಿಯಲು ಆ ಇಲಿಯೇ ಸಾಕಾಯಿತು. ಅದೇ ಹಾದಿಯಲ್ಲಿ ಮುಂದೆ ಅವರ ತಂಡದಿಂದ ಲಸಿಕೆ ಬಂತು, 1951ರಲ್ಲಿ ಅವರಿಗೆ ನೊಬೆಲ್ ಬಂತು.

ಡೆಂಗಿಯ ಕತೆ ಇನ್ನೂ ಕಷ್ಟದ್ದು. ಮಾಮೂಲಿ ಇಲಿಗೆ ಡೆಂಗಿ ವೈರಸ್ ಚುಚ್ಚಿದರೆ ಅದಕ್ಕೆ ಜ್ವರವೇ ತಾಕುವುದಿಲ್ಲ. ವೈರಸ್ ಬಂತೆಂದು ನಮ್ಮ ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನಿನ ಮೂಲಕ ಕೂಗು ಹಾಕುತ್ತದೆ. ಆ ಕೂಗನ್ನು ಒಳಗೆ ಮುಟ್ಟಿಸುವ ಸ್ಟ್ಯಾಟ್-2 ಎಂಬ ಪ್ರೋಟೀನನ್ನು ಡೆಂಗಿ ವೈರಸ್ ಮನುಷ್ಯರಲ್ಲಿ ನಾಶ ಮಾಡುತ್ತದೆ. ಇಲಿಯ ಸ್ಟ್ಯಾಟ್-2 ಅದರ ಕೈಗೆ ಸಿಗುವುದಿಲ್ಲ. ಹಾಗಾಗಿ ಇಂಟರ್‌ಫೆರಾನ್ ಗುರುತಿಸುವ ಶಕ್ತಿಯನ್ನೇ ತೆಗೆದುಹಾಕಿದ, ಎಜಿ-129 ಎಂಬಂಥ ಇಲಿಗಳನ್ನು ಬಳಸುತ್ತಾರೆ. ಅವಕ್ಕೆ ಕಾಯಿಲೆ ಬರುತ್ತದೆ, ಔಷಧವನ್ನೂ ಪರೀಕ್ಷಿಸಬಹುದು. ಆದರೆ ಬಾಗಿಲೇ ಇಲ್ಲದ ಮನೆಗೆ ಕಳ್ಳ ನುಗ್ಗಿದ್ದನ್ನು ನೋಡಿ, ಬಾಗಿಲು ಹಾಕಿದ ಮನೆಗೆ ಅವನು ಹೇಗೆ ನುಗ್ಗಿದ ಎಂದು ಹೇಳುವುದು ಸುಲಭವಲ್ಲ.

ಇಲಿಗಳೆಲ್ಲ ಅಚ್ಚು ಒತ್ತಿದ ಹಾಗೆ ಒಂದೇ ವಂಶದವು ಎಂಬುದೂ ದೊಡ್ಡ ತೊಡಕು. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಬೇರೆ ಬೇರೆ ವಂಶ ಬೆರೆಸಿದ ಇಲಿಗಳಿಗೆ ಒಂದೇ ಎಬೋಲಾ ವೈರಸ್ ಕೊಟ್ಟು ನೋಡಿದರು. ಕೆಲವು ತಳಿ ರಕ್ತಸ್ರಾವವಾಗಿ ಸತ್ತವು, ಕೆಲವು ರಕ್ತಸ್ರಾವವಿಲ್ಲದೆ ಸತ್ತವು, ಕೆಲವು ಬದುಕಿದವು. ಒಂದೇ ಮನೆಯಲ್ಲಿ ಅಣ್ಣ ನಾಲ್ಕು ದಿನಕ್ಕೆ ಎದ್ದು ತೋಟಕ್ಕೆ ಹೋಗಿ, ತಮ್ಮ ಐಸಿಯು ಸೇರಿದ್ದನ್ನು ಕಂಡ ನನಗೆ ಆ ಪ್ರಯೋಗ ಬಹಳ ಹತ್ತಿರದ್ದು ಎನಿಸುತ್ತದೆ.

ಇನ್ನು ಔಷಧ ಕೊಟ್ಟ ಗಳಿಗೆ. ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಪ್ರಯೋಗದಲ್ಲಿ ವೈರಸ್ ಚುಚ್ಚಿದ ದಿನವೇ, ಎಷ್ಟೋ ಸಲ ಅದಕ್ಕೂ ಮುಂಚೆಯೇ, ಔಷಧ ಕೊಟ್ಟಿರುತ್ತಾರೆ. ನಮ್ಮವರಿಗೆ ಉಣುಗು ಕಚ್ಚಿದ್ದೇ ಗೊತ್ತಿರುವುದಿಲ್ಲ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಎರಡು ಮೂರು ದಿನ. ಆಸ್ಪತ್ರೆ ಮುಟ್ಟುವಾಗ ವೈರಸ್ ರಕ್ತದ ತುಂಬ ಹರಡಿರುತ್ತದೆ. ಮಗನಿಗೆ ಇದನ್ನು ಹೇಳಿದಾಗ ಅವನು ಬೆರಳು ಮಡಚಿ ದಿನ ಎಣಿಸಿದ, ಮೊಬೈಲ್ ಜೇಬಿಗೆ ಹಾಕಿಕೊಂಡ.

ಲಸಿಕೆಯ ವಿಷಯದಲ್ಲೂ ಕೊನೆಯ ಮಾತು ಇಲಿಯದಲ್ಲ, ಹಳ್ಳಿಯದೇ. ಮಂಗನ ಕಾಯಿಲೆಗೆ ನಮ್ಮಲ್ಲಿದ್ದ ಹಳೆಯ ಲಸಿಕೆಯನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸುತ್ತಿದ್ದರು. 2005ರಿಂದ 2010ರವರೆಗಿನ ಕರ್ನಾಟಕದ ಲೆಕ್ಕ ನೋಡಿದಾಗ ಎರಡು ಡೋಸಿನಿಂದ ಶೇ 62.4, ಬೂಸ್ಟರ್ ಸೇರಿದರೆ ಶೇ 82.9ರಷ್ಟು ರಕ್ಷಣೆ ಎಂದು ತಿಳಿಯಿತು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಹೊಸದರ ಕೆಲಸ ನಡೆದಿದೆ. ಅದು ಬರುವ ತನಕ ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೈ ಬಟ್ಟೆ ತೊಳೆದುಕೊಳ್ಳಿ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹಿರಿಯರ ಜ್ವರ ಒಂಬತ್ತನೇ ದಿನ ಬಿಟ್ಟಿತು. ಇನ್ನೆರಡು ವಾರ ಅವರ ಕೈಯನ್ನು ಗಮನಿಸುತ್ತಿರು ಎಂದು ಮಗನಿಗೆ ಹೇಳಿ ಕಳಿಸಿದ್ದೆ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಫೋನ್ ಬಂತು: 'ಅಪ್ಪಯ್ಯ ಕಾಫಿ ಲೋಟ ಹಿಡಿದರೆ ಚೆಲ್ತಿದಾರೆ ಡಾಕ್ಟ್ರೇ, ಮೈ ಬಿಸಿ ಇದೆ.' ಮಧ್ಯಾಹ್ನದೊಳಗೆ ಕರೆತಂದ. ಹನ್ನೊಂದು ದಿನ ಇಟ್ಟುಕೊಂಡೆವು. ಮನೆಗೆ ಹೊರಡುವ ದಿನ ಅವರು ಲೋಟ ತುಂಬ ಕಾಫಿ ತರಿಸಿಕೊಂಡು ನನ್ನೆದುರೇ ಕುಡಿದರು.